ಚೋಟುದ್ದದ ಬನ್ನಿ ಮರ

ಶೈಲಜಾ ಕತ್ತರಿಸಿದ್ದು ಒಂದೇ ಒಂದು ಕೊಂಬೆ. ಅಷ್ಟಕ್ಕೇ ಗಂಡ ಅಮರೇಶ ಅವಳ ಜೊತೆ ಮಾತು ಬಿಟ್ಟು ವಾರವಾಗಿತ್ತು.

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅಮರೇಶನಿಗೆ ಬೋನ್ಸಾಯ್ ಹುಚ್ಚು. ದೇವದುರ್ಗದ ಹೊಲದ ಬದುವಿನಿಂದ ತಂದ ಬನ್ನಿ ಸಸಿಯನ್ನು ತಟ್ಟೆಯಂಥ ಕುಂಡದಲ್ಲಿಟ್ಟು, ತಂತಿ ಸುತ್ತಿ, ಬೇರು ಸವರಿ, ಚೋಟುದ್ದದ ಮುದಿ ಮರ ಮಾಡಿದ್ದ. ಶೈಲಜಾಗೆ ರಾಯಚೂರಿನ ಕ್ಲಾಸಿನಲ್ಲಿ ಇಕೆಬಾನ ಎಂಬ ಜಪಾನೀ ಹೂಜೋಡಣೆಯ ಗೀಳು ಹತ್ತಿತ್ತು. ಮುಗಿಲಿಗೊಂದು ಎತ್ತರದ ಕೊಂಬೆ, ಮನುಷ್ಯನಿಗೊಂದು ಬಾಗಿದ್ದು, ನೆಲಕ್ಕೊಂದು ಹೂವು. ಉಳಿದದ್ದೆಲ್ಲ ಖಾಲಿ ಜಾಗ. ಹೂವೆಂದರೆ ಮೊಳಗಟ್ಟಲೆ ಮಾಲೆ ಎಂದು ತಿಳಿದ ಓಣಿಯವರು, "ಹೂ ಕಡಿಮಿ ಬಿದ್ದಾವೇನವ್ವಾ?" ಎಂದು ಮರುಗುತ್ತಿದ್ದರು. ಬೋನ್ಸಾಯ್, ಇಕೆಬಾನ ಎರಡೂ ಅಕ್ಕ-ತಂಗಿಯರಿದ್ದಂತೆ ಎಂದು ಟೀಚರ್ ಹೇಳಿದ್ದರು. ಅಕ್ಕ-ತಂಗಿಯರನ್ನು ಒಂದೇ ಮನೆಗೆ ತಂದುಕೊಂಡವರ ಪಾಡನ್ನು ಟೀಚರ್ ನೋಡಿರಲಿಕ್ಕಿಲ್ಲ.

ಬಾಗಿದ ಕೊಂಬೆ ಎಲ್ಲೂ ಸಿಗದೆ ಶೈಲಜಾ ಗಂಡನ ಬನ್ನಿಗೇ ಕತ್ತರಿ ಹಾಕಿದ್ದಳು. ಅಂದಿನಿಂದ ಅವನ ಮಾತೆಲ್ಲ ತಾಯಿ ಬಸವಂತಮ್ಮನ ಮೂಲಕ. "ಅವ್ವಾ, ಚಾ ಬೇಕಂತ ಹೇಳು." ಶೈಲಜಾಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ದಸರೆಯ ದಿನ ಬನ್ನಿ ಕೊಟ್ಟು ಹಗೆಯವರೂ ಒಂದಾಗುತ್ತಾರೆ. ಅಂದಾದರೂ ಇವನು ತನಗೆ ಕೊಟ್ಟಾನೆಯೇ? ಅದೊಂದೇ ಅವಳ ಆಸೆ.

ಹಬ್ಬದ ಸಂಜೆ ಅಮರೇಶ ಊರ ಹೊರಗಿನ ಬನ್ನಿ ಮರಕ್ಕೆ ಹೋಗಿ, ತಂದ ಎಲೆಯನ್ನೆಲ್ಲ ಓಣಿ ತುಂಬ ಹಂಚಿ, ಮನೆಗೆ ಬರಿಗೈಯಲ್ಲಿ ಬಂದ. ಶೈಲಜಾಗೆಂದು ಒಂದೆಲೆಯನ್ನೂ ಉಳಿಸಿರಲಿಲ್ಲ. ಅಷ್ಟರಲ್ಲಿ ಬಸವಂತಮ್ಮ ಮಗನ ಅಂಗೈಗೆ ಹಿಡಿ ತುಂಬ ಬನ್ನಿ ಸುರಿದಳು.

"ಬಂಗಾರ ತಗೊಂಡು ಬಂಗಾರದಂಗ ಇರಪ್ಪಾ."

"ಇದೆಲ್ಲಿಂದ ತಂದಿ ಅವ್ವಾ?"

"ಮೊಣಕಾಲು ನೋಯಾಕತ್ತಾವ, ಅಷ್ಟು ದೂರ ಯಾರು ನಡೀತಾರ? ಮನ್ಯಾಗ ಬನ್ನಿ ಮಹಾಂಕಾಳಿನೇ ಅದಾಳಲ್ಲ. ಕೈ ಮುಗದು ಹರ್ಕೊಂಡೆ."

ಅಮರೇಶ ಕುಂಡದತ್ತ ಓಡಿದ. ಗಿಡ ಬೋಳು. ಒಂದು ಕೊಂಬೆಗೆ ವಾರ ಮಾತು ಬಿಟ್ಟ ಮಹಾರಾಯ, ಇಡೀ ಮರ ಬೋಳಿಸಿದ ಹೆತ್ತ ತಾಯಿಗೆ ಏನಂದಾನು? ಹಬ್ಬ ಬೇರೆ. ಬನ್ನಿ ಹಿಡಿದುಕೊಂಡೇ ಬಂದು ತಾಯಿಯ ಕಾಲಿಗೆ ಬಿದ್ದ. ಶೈಲಜಾಗೆ ನಗು ಉಕ್ಕಿ ಬಂತು. ಅವನ ಮುಖ ನೋಡಿದ್ದೇ ಆ ನಗು ಇಳಿದುಹೋಯಿತು. ಅವಳಿಗೆ ನಿಜಕ್ಕೂ ಪಾಪ ಅನ್ನಿಸಿತು.

"ಚಿಗುರ್ತದ ಬಿಡ್ರಿ," ಎಂದಳು. "ನಿಮ್ಮದಕ್ಕ ಬೇರದಾವ. ನಂದು ಮೂರ ದಿನಕ್ಕ ಬಾಡಿ ಹೋತು."

ಅಮರೇಶ ತಾಯಿಯ ಕಡೆ ತಿರುಗಿದ. "ಅವ್ವಾ, ಅಕಿಗೆ ಹೇಳು..."

"ನಾ ಏನೂ ಹೇಳಂಗಿಲ್ಲ. ನಿನಗ ಬಾಯಿಲ್ಲೇನು?" ಎಂದು ಮುದುಕಿ ಒಳಗೆ ನಡೆದಳು.

ಅಮರೇಶ ಹೆಂಡತಿಯ ಕೈ ಹಿಡಿದು, ತನ್ನ ಕೈಯಲ್ಲಿದ್ದ ಬನ್ನಿಯನ್ನೆಲ್ಲ ಅದರಲ್ಲಿ ಸುರಿದ.

"ನೀ ಹೂವಿನ ಜೋಡಿ ಇಟ್ಟ ಮ್ಯಾಲ ಆ ಕೊಂಬಿ, ನನ್ನ ಗಿಡದಾಗ ಇದ್ದದ್ದಕ್ಕಿಂತ ಛಂದ ಕಾಣಾಕತ್ತಿತ್ತು," ಎಂದ. "ಅದಕ್ಕ ಸಿಟ್ಟು ಬಂದಿತ್ತು."