ಅರ್ಧಕ್ಕೆ ನಿಂತ ಬೈಗುಳ

ಬೆಳ್ಯಪ್ಪ ಬಿದ್ದದ್ದು ಹೆಂಡತಿಗೆ ಬೈಯುತ್ತಿರುವಾಗಲೇ. ಅದರಲ್ಲಿ ಆಶ್ಚರ್ಯವೇನಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಬೈಯುವ ಗಂಡಸು ಬಿದ್ದರೆ ಬೈಗುಳದ ನಡುವೆಯೇ ಬೀಳಬೇಕಲ್ಲ!

ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಅದು. ಕಲ್ಲುಗುಂಡಿಯಲ್ಲಿ, ಮಡಿಕೇರಿ ರಸ್ತೆಯಿಂದ ಒಂದು ಕೂಗಿನಷ್ಟು ಕೆಳಗೆ ಅವರ ಮನೆ. ಬೆಳಿಗ್ಗೆ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಹರಿವೆಯ ಸಾಲನ್ನೆಲ್ಲ ಮೇದು ಮುಗಿಸಿತ್ತು. "ಗೊಡ್ಡು ದರಿದ್ರದವಳೇ, ನಿನ್ನ ಕಟ್ಟಿಕಂಡ ಮೇಲೆ ಈ ಮನೆಲಿ..." ಎಂದು ಅಂಗಳದಲ್ಲಿ ನಿಂತು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ.

ಮಕ್ಕಳಾಗದ ಪೂವಮ್ಮ ತನ್ನ ಹೆಸರಿಗಿಂತ ಹೆಚ್ಚಾಗಿ ಆ 'ಗೊಡ್ಡು' ಎಂಬುದನ್ನೇ ಕೇಳಿದ್ದಳು. ಉಳಿದರ್ಧವೂ ಬರಲಿ ಎಂದು ತಲೆತಗ್ಗಿಸಿ ಕಾದಳು. ಬರಲಿಲ್ಲ. ತಲೆಯೆತ್ತಿ ನೋಡಿದರೆ ಗಂಡನ ಬಾಯಿಯ ಬಲಮೂಲೆ ಜೋತುಬಿದ್ದಿತ್ತು, ಬಲಗಾಲು ಕುಸಿಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಬಂದದ್ದು ಭಯವಲ್ಲ, ನೆಮ್ಮದಿಯ ಒಂದು ಉಸಿರು. ಆಮೇಲೆ ಅಯ್ಯಯ್ಯೋ ಎಂದು ಓಡಿದಳು.

ಪುತ್ತೂರಿಗೆ ಸಾಗಿಸಿದರು. ಅಲ್ಲಿಯ ದರ್ಬೆಯಲ್ಲಿ ಕೃಷ್ಣಮೋಹನ ಡಾಕ್ಟರರ ಸಣ್ಣ ಆಸ್ಪತ್ರೆ. ಮದ್ದಿಗಿಂತ ಸಿಡುಕು ಜಾಸ್ತಿ ಕೊಡುವ ಮನುಷ್ಯ ಅವರು.

"ಮಿದುಳಿನ ಎಡಬದಿಗೆ ರಕ್ತ ಹೋಗುದು ನಿಂತಿದೆ," ಎಂದರು.

"ಬಿದ್ದದ್ದು ಬಲಗೈ, ಬಲಗಾಲು ಅಲ್ವಾ ಡಾಕ್ಟ್ರೇ?" ಎಂದು ಕೇಳಿದಳು ಪೂವಮ್ಮ.

"ಎಡದ ನರಗಳು ಕುತ್ತಿಗೆಯ ಹತ್ತಿರ ಅಡ್ಡ ದಾಟಿ ಬಲಕ್ಕೆ ಬರ್ತವೆ. ಅಲ್ಲಿ ಕೆಟ್ಟರೆ ಇಲ್ಲಿ ಬೀಳುದು. ಮಾತಿನ ಜಾಗವೂ ಎಡದಲ್ಲೇ ಉಂಟು, ಅದಕ್ಕೇ ಮಾತು ಹೋದದ್ದು." ಬೀಗದ ಕೈಯಿಂದ ಬೆಳ್ಯಪ್ಪನ ಬಲ ಅಂಗಾಲನ್ನು ಗೀರಿದರು. ಹೆಬ್ಬೆರಳು ಮೆಲ್ಲನೆ ಮೇಲಕ್ಕೆ ಎದ್ದಿತು. "ಮಾತೆಲ್ಲ ಹೋದವರಿಗೂ ಬೈಗುಳ ಮಾತ್ರ ಉಳಿಯುದುಂಟು. ಬಾಯಿಗೆ ಅಷ್ಟು ರೂಢಿ ಅದು. ಇವರಿಗೆ ಅದೂ ಇಲ್ಲ, ವಿಚಿತ್ರ."

"ಬೇಕಾದಷ್ಟು ಇತ್ತು ಡಾಕ್ಟ್ರೇ ಇವರ ಹತ್ತಿರ," ಎಂದಳು ಪೂವಮ್ಮ. ಡಾಕ್ಟರರು ನಗಲಿಲ್ಲ.

ಮನೆಗೆ ತಂದು ಮಲಗಿಸಿದ ಮೇಲೆ ಬೆಳ್ಯಪ್ಪ ಮೇಲಿನ ಮಾಡನ್ನು ನೋಡುತ್ತ ಬಿದ್ದುಕೊಂಡಿದ್ದ. ಒಂದು ಮಧ್ಯಾಹ್ನ ಒಣಮೀನು ಮಾರುವ ಮುನೀರಾ ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂತಿದ್ದಳು. ಪೂವಮ್ಮ ಗಂಡನ ಗಲ್ಲ ಒರೆಸುತ್ತಿದ್ದಳು. ಅವನು ಅವಳ ಮುಖವನ್ನೇ ನೋಡಿ, ಯಾವತ್ತೂ ಕೇಳದ ಒಂದು ಮೆತ್ತಗಿನ ದನಿಯಲ್ಲಿ, "ಕಂಞಿ ಕುಡಿಚ್ಚೋ, ಮೋಳೇ?" ಎಂದ.

ಮಲಯಾಳ! ರಸ್ತೆ ಬದಿಯ ಹೋಟೆಲಿನಲ್ಲಿ ಯಾರಾದರೂ ಮಲಯಾಳ ಆಡಿದರೆ ಕಾರಿ ಉಗಿದು ಎದ್ದುಹೋಗುವವನ ಬಾಯಿಯಲ್ಲಿ ಮಲಯಾಳ! ಕಡಬದ ಕಡೆಯಿಂದ ಬಂದ ಪೂವಮ್ಮನಿಗೆ ಆ ಭಾಷೆ ಸಂತೆಯಲ್ಲಿ ಕಿವಿಗೆ ಬಿದ್ದದ್ದಷ್ಟೇ.

"ಅಕ್ಕಾ, ಗೌಡ್ರಿಗೆ ಮಾತು ಬಂತಲ್ಲ!" ಮುನೀರಾ ಎದ್ದೇ ನಿಂತಳು. "ಗಂಜಿ ಕುಡಿದಿಯಾ ಮಗಳೇ ಅಂತ ಕೇಳ್ತಿದ್ದಾರೆ."

"ಯಾರನ್ನು?"

"ನಿಮ್ಮನ್ನೇ, ಮತ್ಯಾರನ್ನು? ಮಗಳೇ ಅಂದ್ರೆ ಪ್ರೀತಿಗೆ ಹೇಳುದು. ಹೆಂಡತಿಗೂ ಹೇಳ್ತಾರೆ."

ಪೂವಮ್ಮ ಗಲ್ಲ ಒರೆಸುತ್ತಿದ್ದ ಬಟ್ಟೆಯನ್ನು ಮೂಲೆಗೆ ಎಸೆದಳು. ಪ್ರೀತಿಯಂತೆ! ಮದುವೆಯಾದಂದಿನಿಂದ ಉಂಡೆಯಾ ಎಂದು ಕೇಳಿದವನಲ್ಲ, ಬದುಕಿದ್ದೀಯಾ ಎಂದು ಕೇಳಿದವನಲ್ಲ. ಅಂಥವನ ನಾಲಗೆಗೆ ಈ ಮೆತ್ತಗಿನ ಮಾತು ಎಲ್ಲಿಂದ ಬಂತು? ಒಬ್ಬಳ ಜೊತೆ ಆಡಿ ಆಡಿ ರೂಢಿಯಾಗದೆ ಬರುತ್ತದೆಯೆ? ಅಡಿಕೆ ಕೊಡಲೆಂದು ಜಾಲ್ಸೂರಿಗೆ ಹೋಗುತ್ತಿದ್ದದ್ದು, ಅಲ್ಲಿಂದ ಕಾಸರಗೋಡಿನ ಬಸ್ಸು ಹತ್ತುತ್ತಿದ್ದದ್ದು, ಮರುದಿನ ಮುಖ ಗಂಟು ಹಾಕಿಕೊಂಡು ಬರುತ್ತಿದ್ದದ್ದು, ಎಲ್ಲವೂ ಈಗ ಒಂದಕ್ಕೊಂದು ಕೂಡಿಕೊಂಡವು.

"ಅವಳನ್ನು ಕೇಳುದು ಇದು. ನನ್ನ ಮುಖ ನೋಡಿಕೊಂಡು ಅವಳನ್ನು ಕೇಳುದು!"

"ಯಾವ ಅವಳು ಅಕ್ಕಾ?"

"ನಿನಗೇ ಗೊತ್ತಿರಬೇಕು. ನಿಮ್ಮ ಭಾಷೆಯವಳೇ ಅಲ್ವಾ? ನಡೆ, ಇನ್ನು ಈ ಅಂಗಳಕ್ಕೆ ಕಾಲಿಡಬೇಡ."

ಮುನೀರಾ ಬುಟ್ಟಿ ಎತ್ತಿಕೊಂಡು ಹೋದಳು.

ದರ್ಬೆಯ ಡಾಕ್ಟರರು ಸಂಗತಿ ಕೇಳಿ ಮೊದಲ ಬಾರಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನಾಲ್ಕು ಭಾಷೆ ಗೊತ್ತಿದ್ದವನಿಗೆ ಒಂದು ಮಾತ್ರ ವಾಪಸ್ ಬರುದುಂಟು. ಯಾವುದು, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಕೆಲವರಿಗೆ ಸಣ್ಣದರಲ್ಲಿ ಕಲಿತದ್ದು ಬರ್ತದೆ, ಕೆಲವರಿಗೆ ಕಡೆಕಡೆಗೆ ಜಾಸ್ತಿ ಆಡಿದ್ದು."

ಕಡೆಕಡೆಗೆ ಜಾಸ್ತಿ ಆಡಿದ್ದು. ಪೂವಮ್ಮನ ಕಿವಿಗೆ ಹೊಕ್ಕದ್ದು ಅದೊಂದೇ. "ಅದನ್ನು ಓಡಿಸಿ ಮನೆಯ ಭಾಷೆ ತರಿಸುದು ಹೇಗೆ?"

"ಕಾಡು ಮುಚ್ಚಿದ ಕಾಲುದಾರಿ ಹಾಗೆ ಅದು. ದಿನಾ ನಡೆದರೆ ತೆರೆದುಕೊಳ್ತದೆ. ಒಂದೊಂದೇ ವಸ್ತು ತೋರಿಸಿ, ನಿಮ್ಮ ಭಾಷೆಯಲ್ಲೇ ಹೆಸರು ಹೇಳಿಸಿ. ಸುಸ್ತಾದಾಗ ಬಿಟ್ಟುಬಿಡಿ. ಹಿಂಸೆ ಕೊಡಬೇಡಿ."

ಆ ಕೊನೆಯ ಮಾತನ್ನು ಪೂವಮ್ಮ ದರ್ಬೆಯಲ್ಲೇ ಬಿಟ್ಟು ಬಸ್ಸು ಹತ್ತಿದಳು.

ಮರುದಿನದಿಂದ ಪಾಠ ಶುರುವಾಯಿತು. ನೀರಿನ ಚೆಂಬನ್ನು ಅವನ ಕಣ್ಣೆದುರು ಹಿಡಿದು, "ನೀರ್. ಹೇಳಿ, ನೀರ್," ಎನ್ನುವಳು.

"ವೆಳ್ಳಂ."

"ವೆಳ್ಳಂ ಅಲ್ಲ. ನೀರ್!"

"ಇಚ್ಚಿರಿ ವೆಳ್ಳಂ ತಾ, ಮೋಳೇ," ಎಂದು ಅವನು ಒಣಗಿದ ತುಟಿ ನೆಕ್ಕಿಕೊಳ್ಳುವನು. ಆ 'ಮೋಳೇ' ಕೇಳಿದ್ದೇ ತಡ, ಪೂವಮ್ಮ ಚೆಂಬನ್ನು ಬೋರಲು ಹಾಕುವಳು. ನೀರು ಮಂಚದ ಕೆಳಗೆ ಹರಿದುಹೋಗುವುದನ್ನು ಅವನು ನೋಡುತ್ತಿರಬೇಕು. ಗಂಜಿಯ ಬಟ್ಟಲಿಗೂ ಅದೇ ಗತಿ. "ಮೊದಲು ಅವಳನ್ನು ಬಾಯಿಂದ ಹೊರಗೆ ಹಾಕಿ, ಮತ್ತೆ ಕೊಡ್ತೇನೆ." ಅವನು ಮಗುವಿನ ಹಾಗೆ ಅಳುತ್ತಿದ್ದ. ಅದನ್ನು ನೋಡಿ ಅವಳಿಗೆ ಖುಷಿಯಾಗುತ್ತಿತ್ತು. ಅದು ಕೆಟ್ಟ ಖುಷಿಯೆಂದು ಗೊತ್ತಿತ್ತು, ಆದರೂ ಬಿಡಲಿಲ್ಲ. ಇಷ್ಟು ವರ್ಷ ಉರಿಸಿದವನಲ್ಲವೇ, ಉರಿಯಲಿ. ಕೊನೆಗೊಂದು ದಿನ ಅವನ ಬಾಯಿಂದ "ನೀ... ನೀರ್" ಬಂತು. ಪೂವಮ್ಮ ಗೆದ್ದೆ ಎಂದುಕೊಂಡಳು.

ಅದೇ ವಾರ ಬೆಳ್ಯಪ್ಪನ ಅಕ್ಕ ದುಗ್ಗಮ್ಮ ಜಾಲ್ಸೂರಿನಿಂದ ಬಂದಳು. ತಮ್ಮನಿಗೂ ಅವಳಿಗೂ ಮುಖ ನೋಡುವ ಸಂಬಂಧವಿರಲಿಲ್ಲ. ಬಸ್ಸಿನವರ ಬಾಯಿಂದ ಸುದ್ದಿ ತಿಳಿದು ಬಂದಿದ್ದಳು. ಅವಳು ಹೊಸ್ತಿಲು ದಾಟುವಾಗ ಪೂವಮ್ಮ ಗಂಜಿಯ ಬಟ್ಟಲನ್ನು ಮಂಚದಿಂದ ದೂರ ಹಿಡಿದು ನಿಂತಿದ್ದಳು.

"ನಿಲ್ಸು!" ಎಂದಳು ದುಗ್ಗಮ್ಮ. ಬಾಗಿಲಿನ ದಾರಂದ ಹಿಡಿದುಕೊಂಡಳು. "ಇದನ್ನು ನಿಂಗೆ ಯಾರು ಹೇಳಿಕೊಟ್ಟದ್ದು?"

"ಡಾಕ್ಟ್ರು ಹೇಳಿದ್ದು ಅತ್ತಿಗೆ. ಇವರಿಗೆ ಆ ಮಲಯಾಳದವಳ ಭಾಷೆ ಮರೆಯಬೇಕಲ್ಲ."

"ಯಾವ ಮಲಯಾಳದವಳು? ಚಿರುದೇಯಿಯಾ? ಅವಳು ಸತ್ತು ಕಾಲ ಎಷ್ಟಾಯ್ತು! ಅವಳ ಮನೆ ಇದ್ದ ಜಾಗ ನೋಡ್ಲಿಕ್ಕೇ ಇವ ಕಾಸರಗೋಡಿನ ಬಸ್ಸು ಹತ್ತುದು ಅಂತ ಬಸ್ಸಿನವರು ಹೇಳ್ತಾರೆ." ದುಗ್ಗಮ್ಮ ನೆಲಕ್ಕೆ ಕೂತಳು. "ನಮ್ಮ ಅವ್ವ ಇವನನ್ನು ಹೆತ್ತು ಸತ್ತಳು. ಹಾಲು ಕೊಡುವವರಿಲ್ಲೆ. ಈಗ ಗಡಿ ಅಂತಾರಲ್ಲ, ಅದರ ಆಚೆ, ಮಗು ಕಳಕೊಂಡ ಚಿರುದೇಯಿ ಅಂತ ಒಬ್ಬಳು ಇತ್ತು. ಅಪ್ಪ ಇವನನ್ನು ಅವಳ ಮಡಿಲಿಗೆ ಹಾಕಿ ಬಂದ. ಆರೇಳು ವರ್ಷ ತಿರುಗಿ ನೋಡಿಲ್ಲೆ. ಮತ್ತೆ ಗದ್ದೆ ಕೆಲಸಕ್ಕೆ ಜನ ಬೇಕಾಯ್ತು, ಎಳಕೊಂಡು ಬಂದ. ಒಂದು ಮಲಯಾಳದ ಮಾತಿಗೆ ಒಂದು ಬೆತ್ತದ ಪೆಟ್ಟು. ನಮ್ಮ ಭಾಷೆಲಿ ಕೇಳುವವರೆಗೆ ನೀರಿಲ್ಲೆ, ಗಂಜಿ ಇಲ್ಲೆ. ಬಟ್ಟಲು ಹಿಡಕೊಂಡು ದೂರ ನಿಲ್ಲುವ ಕೆಲಸ ನಂದು. ಅದಕ್ಕೇ ಅವ ನನ್ನ ಮುಖ ನೋಡುದಿಲ್ಲೆ."

ಪೂವಮ್ಮನ ಕೈಯಲ್ಲಿ ಬಟ್ಟಲು ಇನ್ನೂ ಹಾಗೇ ಇತ್ತು. "ಮತ್ತೆ ಆ ಮೋಳೇ? ಕಂಞಿ ಕುಡಿಚ್ಚೋ ಅಂತ ಕೇಳುದು?"

"ಅದು ಚಿರುದೇಯಿಯ ಮಾತು. ಮಡಕೆ ಮುಚ್ಚುವ ಮೊದಲು ಮನೆಲಿ ಇದ್ದವರನ್ನೆಲ್ಲ ಕೇಳುದು. ಒಂದು ಸಲ ಹೋದಾಗ ನನ್ನನ್ನೂ ಕೇಳಿತ್ತು. ಮತ್ತೆ ನನ್ನನ್ನು ಯಾರೂ ಕೇಳಿಲ್ಲೆ." ಸೆರಗಿನಿಂದ ಮೂಗು ಒರೆಸಿದಳು. "ನಮ್ಮ ಭಾಷೆಲಿ ಇವನಿಗೆ ಸಿಕ್ಕಿದ್ದು ಬೈಗುಳ. ಅದನ್ನೇ ಕಲ್ತ. ಬೇರೆ ಎಂತ ಬರ್ತದೆ ಅವನಿಗೆ?"

ಹಾಗಾದರೆ ಅವಳು ಎಂಬವಳು ಇರಲೇ ಇಲ್ಲ. ಕೇಳಿದ್ದು ಪೂವಮ್ಮನನ್ನೇ. ಇಡೀ ಬಾಳಿನಲ್ಲಿ ಗಂಡ ಕೇಳಿದ ಒಂದೇ ಒಂದು ಒಳ್ಳೆಯ ಮಾತಿಗೆ ಅವಳು ನೀರು ಚೆಲ್ಲಿ ಉತ್ತರ ಕೊಟ್ಟಿದ್ದಳು. ಬಟ್ಟಲು ಇಟ್ಟು ರಸ್ತೆಗೆ ಓಡಿದಳು.

ಮುನೀರಾ ಮನೆ ಮುಂದೆ ಮೀನು ಒಣಗಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಂಗಳಕ್ಕೆ ಬರಬೇಡ ಅಂದದ್ದು ಯಾರು?"

"ನಾನೇ. ಬೈ ಬೇಕಾದರೆ, ಆಮೇಲೆ. ಕುಡಿದಿಲ್ಲ ಅಂತ ನಿಮ್ಮ ಭಾಷೆಯಲ್ಲಿ ಹೇಗೆ ಹೇಳುದು ಮಾರಾಯ್ತಿ?"

ಮುನೀರಾ ಕೈಯ ಮೀನು ಕೆಳಗಿಟ್ಟು ತಲೆಯೆತ್ತಿದಳು. "ಕುಡಿಚ್ಚಿಲ್ಲ."

"ಕುಡಿದಾದ ಮೇಲೆ?"

"ಕುಡಿಚ್ಚು."

ದಾರಿಯುದ್ದಕ್ಕೂ ಎರಡನ್ನೂ ಬಾಯಿಯೊಳಗೆ ಹೊರಳಿಸುತ್ತ ಬಂದಳು. ಹೊಸದಾಗಿ ಗಂಜಿ ಬೇಯಿಸಿ, ಬಟ್ಟಲಿಗೆ ಬಗ್ಗಿಸಿ, ಮಾವಿನ ಮಿಡಿ ಇಟ್ಟು, ಮಂಚದ ಪಕ್ಕ ಕೂತಳು. ಕೇಳದೆಯೇ ನೀರು ಕುಡಿಸಿದಳು. ಬೆಳ್ಯಪ್ಪ ಗಟಗಟ ಕುಡಿದು ಅವಳನ್ನೇ ನೋಡಿದ. ಅವಳು ಕಾದಳು. ಏನೂ ಬರಲಿಲ್ಲ.

"ಕೇಳಿ," ಎಂದಳು. "ಒಂದು ಸಲ ಕೇಳಿ, ಕಂಞಿ ಕುಡಿಚ್ಚೋ ಅಂತ." ಅವನ ಹುಬ್ಬು ಗಂಟಿಕ್ಕಿತು. ಅವಳು ತಡೆಯಲಾರದೆ ತಾನೇ ಹೇಳಿಬಿಟ್ಟಳು: "ಕುಡಿಚ್ಚಿಲ್ಲ."

ಜೋತುಬಿದ್ದಿದ್ದ ಬಾಯಿಯ ಮೂಲೆ ಎದ್ದು ಬಿಗಿಯಾಯಿತು. ಕಣ್ಣಿಗೆ ಹಳೆಯ ಕೆಂಪು ಬಂತು.

"ಗೊಡ್ಡು ದರಿದ್ರದವಳೇ," ಎಂದ ಬೆಳ್ಯಪ್ಪ. ತೊದಲಲಿಲ್ಲ, ತಡವರಿಸಲಿಲ್ಲ. "ನಿನ್ನ ಕಟ್ಟಿಕಂಡ ಮೇಲೆ ಈ ಮನೆಲಿ ಒಂದು ದಿನ ನೆಮ್ಮದಿ ಇಲ್ಲೆ. ಎಂತ ಭಾಷೆ ಅದು? ನನ್ನ ಮನೆಲಿ ಅದನ್ನು ಆಡುವ ಹಾಗಿಲ್ಲೆ!"

"ದೇವರೇ, ಬಾಯಿ ಬಂತು!" ಎಂದು ಜಗಲಿಯಲ್ಲಿ ದುಗ್ಗಮ್ಮ ಕೈಮುಗಿದಳು. ದಾರಿ ತೆರೆದುಕೊಂಡಿತ್ತು. ದಿನಾ ನಡೆದು ಅದನ್ನು ತೆರೆದವಳು ಪೂವಮ್ಮನೇ, ಬೇರೆ ಯಾರನ್ನು ದೂರುವುದು?

ಬೆಳ್ಯಪ್ಪ ಎಡಗೈ ಚಾಚಿದ. "ತಾ ಇಲ್ಲಿ ಗಂಜಿ. ಎಂತ ನೋಡ್ತಾ ಕೂತದ್ದು, ಮಂಗನ ಹಾಗೆ?"

ಪೂವಮ್ಮ ಬಟ್ಟಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆ ಮನೆಯಲ್ಲಿ ಗಂಡನಿಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟವಳಲ್ಲ. ಈಗ ಬಟ್ಟಲೆತ್ತಿ ಕುಡಿದಳು. ನಡುವೆ ಮಿಡಿ ಕಚ್ಚಿದಳು, ಮತ್ತೆ ಕುಡಿದಳು. ಅವನು ಅವಳ ಅಪ್ಪನನ್ನು, ಅವ್ವನನ್ನು, ಹುಟ್ಟಿದ ಊರನ್ನು ಒಂದೊಂದಾಗಿ ಹಿಡಿದು ಬೈಯುತ್ತಿದ್ದ. ತಳದ ಅಗುಳನ್ನೂ ಬೆರಳಲ್ಲಿ ಬಳಿದು ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕುಡಿಚ್ಚು," ಎಂದು ಅವನ ಮುಖ ನೋಡಿಕೊಂಡೇ ಹೇಳಿದಳು.