ಕೇರಿಯ ಬಾವಿಗೆ ಬಂದ ಮಾಯಾ ದೇವರು

“ನಿನ್ ಸೊಸೆ ಹೆತ್ತಿದಾಳಲ್ಲ, ಆ ಕೂಸನ್ನ ತಗೊಂಡ್ ಬಾ. ಬಾವಿಗೆ ಎಸೀತೀವಿ,” ಎಂದ ಅಮರನಾಥ್, ರೆಸಾರ್ಟಿನ ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು.

ಪೊರಕೆ ಹಿಡಿದು ಕೆಳಗೆ ನಿಂತಿದ್ದ ದೊಡ್ಡಗಂಗಮ್ಮ ತಟ್ಟನೆ ತಲೆ ಎತ್ತಿದಳು. ಅವಳ ಮುಖ ನೋಡಿ ಅವನಿಗೆ ನಗು ಬಂತು.

“ಗಾಬರಿ ಬೀಳ್ಬೇಡ್ವೇ. ಎಸಿಯೋದು ಗೊಂಬೇನ. ನಿನ್ ಸೊಸೆ ಗರಿ ಕಟ್ಕೊಂಡು ಕೂಸನ್ನ ಎತ್ಕೊಂಡ್ ಬರ್ಲಿ, ಪೂಜಾರಿ ಇಸ್ಕೊಂಡು ಗೊಂಬೆ ಬದಲಾಯಿಸ್ತಾನೆ. ಮಾಯಾದೋರು ಮಳೆ ಬರ್ಲಿ ಅಂತ ಮಕ್ಕಳನ್ನೇ ಕೊಡ್ತಿದ್ರು ಕಣೇ. ಗೆಸ್ಟ್‌ಗಳು ಒಂದ್ ಸಲ ನಡುಗಿಹೋಗ್ಬೇಕು. ನಿನ್ ಪೂಜೇನೂ ಆಯ್ತು, ನನ್ ಶೋನೂ ಆಯ್ತು.”

“ನಾನು ಕೇಳಿದ್ದು ಬಾಣ್ತಿ ಪೂಜೆಗೆ ಒಂದ್ ಬಿಂದಿಗೆ ನೀರು, ಸ್ವಾಮಿ.”

“ನಾನು ಇಲ್ಲ ಅಂದ್ನಾ?”

ಅವಳ ಮಗ ಮುನೇಶನ ವಾರಿಗೆಯವನು ಈ ಅಮರನಾಥ್. ಮಾತು ಕಲಿತ ದಿನದಿಂದ ಅವಳನ್ನು ಏಕವಚನದಲ್ಲೇ ಕರೆದವನು. ಪಕ್ಕದಲ್ಲಿ ಅವನಪ್ಪ ಕೋದಂಡರಾಮಪ್ಪ ಕಡಲೆಕಾಯಿ ಸುಲಿಯುತ್ತಿದ್ದರು.

ಆವನಿ ಬೆಟ್ಟ ಕಾಣುವ ಆ ಬಯಲಲ್ಲಿ ಬಾವಿ ತೋಡಿದವರು ದೊಡ್ಡಗಂಗಮ್ಮನ ಮಾವ ಮತ್ತು ಕೇರಿಯ ಗಂಡಸರು. ಊರ ಬಾವಿಯ ಹತ್ತಿರ ಸುಳಿದರೆ ಸೇದುವ ಹಗ್ಗದಲ್ಲೇ ಹೊಡೆಯುತ್ತಿದ್ದ ಕಾಲ ಅದು. ಹಗಲು ದಣಿಗಳ ಹೊಲದಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ಬಂಡೆ ಒಡೆದು, ಇಳಿಯಲು ಮೆಟ್ಟಿಲು ಕೂರಿಸಿ, ನೀರು ಕಂಡಾಗ ಗಂಡಸರೇ ಅತ್ತಿದ್ದರಂತೆ. ನೆಲ ಮಾತ್ರ ಕೋದಂಡರಾಮಪ್ಪನವರದು. ತೋಡುವಾಗ ಬಾಯಿ ಮುಚ್ಚಿಕೊಂಡಿದ್ದ ಆ ಮನೆಯವರು, ಅಮರನಾಥ್ ರೆಸಾರ್ಟ್ ಕಟ್ಟಿಸುವಾಗ ಬಾವಿಯನ್ನೂ ಒಳಗೆ ಹಾಕಿಕೊಂಡು ಬೇಲಿ ಬಿಗಿದರು.

ಅಮರನಾಥ್ ಅದಾವುದೋ ದೇಶಕ್ಕೆ ಟೂರ್ ಹೋಗಿ, ಮಾಯಾ ಎಂಬ ಹಳೆಯ ಕಾಲದ ಜನರ ಕಟ್ಟಡಗಳನ್ನು ನೋಡಿ ಬಂದಿದ್ದ. ಬಾವಿಯ ಪಕ್ಕ ಸಿಮೆಂಟಿನ ಮೆಟ್ಟಿಲು ಗೋಪುರ ಎದ್ದಿತು. ಬಾಗಿದ ಉದ್ದ ಮೂಗಿನ, ಚಾಕ್ ಎಂಬ ಮಾಯಾ ಮಳೆದೇವರು ಬಂದು ಕೂತ. ಕೇರಿಯ ಹೆಂಗಸರು ಕುರುಡುಮಲೆ ಗಣೇಶನನ್ನೇ ತಂದು ಕೂರಿಸಿದ್ದಾರೆ ಎಂದುಕೊಂಡು ಬೇಲಿಯಾಚೆಯಿಂದ ಒಂದು ವಾರ ಕೈ ಮುಗಿದರು. ಕೇರಿಯ ಬಾವಿಗೆ, ಮಾಯಾದವರು ತಮ್ಮ ದೇವರ ಬಾವಿಯನ್ನು ಕರೆಯುತ್ತಿದ್ದಂತೆ, ಸೆನೋಟೆ ಎಂದು ಹೊಸ ಹೆಸರಾಯಿತು.

ಶನಿವಾರ ಸಂಜೆಗೊಂದು ಆಟ. ಮೈಗೆಲ್ಲ ನೀಲಿ ಬಳಿಸಿಕೊಂಡು ಗೋಪುರದ ಮೇಲೆ ಅಂಗಾತ ಮಲಗಿ ಬಲಿಯಾಗುವವನು ಮುನೇಶ್. ಗರಿಯ ಕಿರೀಟ ಇಟ್ಟುಕೊಂಡು ಎದೆಗೆ ಚಾಕು ಹಾಕುವ ಪೂಜಾರಿ, ಊರೊಳಗಿನ ಅಂಗಡಿ ಅಶ್ವತ್ಥಪ್ಪ. ಸಾವಿರಾರು ಮೈಲಿಯಾಚೆಯ ದೇವರನ್ನು ತಂದರೂ ಯಾರು ಸಾಯಬೇಕು, ಯಾರು ಕೊಲ್ಲಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕಸ ಗುಡಿಸುತ್ತಲೇ ದೊಡ್ಡಗಂಗಮ್ಮನಿಗೆ ಆ ಕತೆಯೆಲ್ಲ ಬಾಯಿಪಾಠವಾಗಿತ್ತು. ದೇವರು ಮುಸುಕಿನ ಜೋಳದ ಹಿಟ್ಟಿನಲ್ಲಿ ಮನುಷ್ಯನನ್ನು ಮಾಡಿದನಂತೆ, ಬಾವಿಯೆಂದರೆ ಪಾತಾಳದ ಬಾಗಿಲಂತೆ, ಅದರೊಳಗೆ ದೇವರಿದ್ದಾನಂತೆ. ಆ ಜನದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬಾವಿಗೆ ಕೈ ಮುಗಿದವರು, ತನ್ನಂಥವರೇ ಇರಬೇಕು ಎಂದುಕೊಂಡಿದ್ದಳು.

“ಆ ಮಾಯಾದೋರು ಬಾವೀಗೆ ಪೂಜೆ ಮಾಡ್ತಿದ್ರು ಅಂತ ದುಡ್ಡಿಸ್ಕೊಂಡು ತೋರಿಸ್ತೀರ,” ಎಂದಳು ಈಗ. “ನಾವ್ ಪೂಜೆ ಮಾಡ್ತೀವಿ ಅಂದ್ರೆ ಗೇಟ್ ಹಾಕ್ತೀರಲ್ಲ ಸ್ವಾಮಿ.”

ಕೋದಂಡರಾಮಪ್ಪನವರು ಸಿಪ್ಪೆ ಉಗಿದರು. ಸಿಟ್ಟು ಬಂದರೆ ಅವರಿಗೆ ತೆಲುಗೇ. “ಈಳ್ಳಕಿ ಇಂತ ಪೊಗರು ಎಪ್ಪುಡು ವಚ್ಚಿಂದಿರಾ?” ಎಂದು, ಇವರಿಗೆ ಇಷ್ಟು ಕೊಬ್ಬು ಯಾವಾಗ ಬಂತೆಂದು ಮಗನನ್ನು ಕೇಳಿ, ಅವಳ ಕಡೆ ತಿರುಗಿದರು. “ಬಾಣ್ತಿ ಮೈಲಿಗೇನ ತಂದು ಬಾವೀಲಿ ಕಲಸ್ತೀಯೇನೇ ಮುಂಡೆ? ಗೆಸ್ಟು ಈಜೋ ನೀರದು. ಗರಿ ಕಟ್ಕೊಂಡ್ ಬರೋದಾದ್ರೆ ಬಾ. ಇಲ್ದಿದ್ರೆ ನಿನ್ ಮಗನ್ನೂ ಕರ್ಕೊಂಡು ಹೋಗ್ತಾ ಇರು.”

ಕೇರಿಯಲ್ಲಿ ಬಾಣಂತಿ ಹೊಸಿಲು ದಾಟಿ ಮೊದಲು ಹೋಗುವುದು ಬಾವಿಗೆ. ನೀರಿನ ದೇವತೆ ಗಂಗಮ್ಮನಿಗೆ ಅರಿಶಿನ ಕುಂಕುಮವಿಟ್ಟು, ಬಿಂದಿಗೆ ತುಂಬಿ, ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಳಿಸದೆ, ಬೇರೆಯವರ ಕೈಗೂ ಕೊಡದೆ ಮನೆಗೆ ತರಬೇಕು. ಆಮೇಲೆಯೇ ಅವಳು ಒಲೆ ಮುಟ್ಟುವುದು, ಕೂಸಿಗೆ ಹೆಸರಿಡುವುದು. ಬಿಂದಿಗೆ ಇಳಿಸಿದರೆ ಕೂಸಿನ ಆಯಸ್ಸು ಇಳಿದಂತೆ. ಬೇಲಿ ಬಿದ್ದ ಮೇಲೆ ಇಬ್ಬರು ಬಾಣಂತಿಯರು ಬೇರೆ ದಾರಿಯಿಲ್ಲದೆ ನಲ್ಲಿಗೆ ಅರಿಶಿನ ಹಚ್ಚಿದ್ದರು. ಅವರಲ್ಲೊಬ್ಬಳ ಕೂಸು ಉಳಿಯಲಿಲ್ಲ. ಕೋಲಾರದ ಡಾಕ್ಟರು ಕಾಮಾಲೆ ಎಂದರು. ಕೇರಿ ನಂಬಿದ್ದು ಬೇರೆ.

ಮನೆಯಲ್ಲಿ ವಿಷಯ ಕೇಳಿ ಮುನೇಶ್ ತಲೆ ತಗ್ಗಿಸಿದ. “ಗೊಂಬೆ ತಾನೆ ಅವ್ವಾ,” ಎಂದ, ಯಾರ ಮುಖವನ್ನೂ ನೋಡದೆ.

“ಥೂ ನಿನ್ನ. ಅಲ್ಲಿ ಸತ್ತು ಸತ್ತು ನಿಂಗೆ ಬದುಕೋದೇ ಮರ್ತೋಗೈತೆ ಕಣ್ಲಾ,” ಎಂದಳು ದೊಡ್ಡಗಂಗಮ್ಮ.

ಮೂಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದ ಮೌನಿಕಾ ಸೆರಗು ಸರಿಮಾಡಿಕೊಂಡಳು. ಹೊಟ್ಟೆ ಕೊಯ್ದು ಹೆರಿಗೆಯಾದವಳು, ಇನ್ನೂ ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ. “ಶನಿವಾರ ಹೋಗೋಣ ಅತ್ತೆ. ಗರಿ ಮಾತ್ರ ನಾ ಕಟ್ಟಲ್ಲ.”

ಶನಿವಾರ ಸಂಜೆ ಗೇಟಿನವನು ಆಟದವರೆಂದು ಅವರನ್ನು ಒಳಗೆ ಬಿಟ್ಟ. ಮೌನಿಕಾ ಮದುವೆಯ ಹಸಿರು ಸೀರೆ ಉಟ್ಟಿದ್ದಳು, ಕೈಯಲ್ಲಿ ಹಿತ್ತಾಳೆ ಬಿಂದಿಗೆ. ಕೂಸು ಅಜ್ಜಿಯ ಹೆಗಲಲ್ಲಿತ್ತು. ಮೈಕು ಹಿಡಿದಿದ್ದ ಮ್ಯಾನೇಜರ್ ಶಿವಕುಮಾರ್ ಗರಿಯಿಲ್ಲದ ಹೆಂಗಸರನ್ನು ಕಂಡು ಮಾತು ತಡವರಿಸಿದ. ಗೆಸ್ಟುಗಳ ಎದುರು ಬೈಯುವ ಹಾಗಿರಲಿಲ್ಲ. “ಈಗ ನೋಡಿ... ಮಾಯಾ ತಾಯಿ ತನ್ನ ಮಗುವನ್ನ ಮಳೆದೇವರಿಗೆ ಒಪ್ಪಿಸೋಕೆ ಬರ್ತಿದಾಳೆ,” ಎಂದು ಹೇಗೋ ಸೇರಿಸಿದ. ಫೋನುಗಳೆಲ್ಲ ಮೇಲೆದ್ದವು.

ಮೌನಿಕಾ ಬಾವಿಯ ಮೆಟ್ಟಿಲಿಳಿದು ಕಲ್ಲಿಗೆ ಅರಿಶಿನ ಹಚ್ಚಿದಳು, ಹೂವಿಟ್ಟಳು, ಊದುಗಡ್ಡಿ ಹಚ್ಚಿ ಕೈ ಮುಗಿದಳು. ಅಶ್ವತ್ಥಪ್ಪ ಕಿರೀಟ ಸರಿಮಾಡಿಕೊಂಡು ಬಂದು ಕೂಸಿಗೆ ಕೈ ಚಾಚಿದ. ಅಂಗಡಿಯಲ್ಲಿ ಕೇರಿಯವರ ಕೈ ತಾಕದ ಹಾಗೆ ಚಿಲ್ಲರೆ ಎಸೆಯುವ ಅದೇ ಕೈ.

“ಮುಟ್ಟಿದ್ರೆ ಮುರಿದ್ ಹಾಕ್ತೀನಿ, ಬೋಳಿಮಗನೆ,” ಎಂದಳು ದೊಡ್ಡಗಂಗಮ್ಮ. ಮಾತು ಮೈಕಿಗೂ ಬಿತ್ತು. ಅವಳು ಜನದ ಕಡೆ ತಿರುಗಿದಳು. “ನಾವು ಮಾಯಾದೋರಲ್ಲ, ಈ ಕೇರಿಯೋರು. ಈ ಬಾವಿ ನಮ್ ಮಾವ ತೋಡಿದ್ದು. ಇದು ಆಟ ಅಲ್ಲ. ಬಲಿ ನೋಡೋ ಆಸೆ ಇದ್ರೆ ನಿಮ್ ಮಕ್ಕಳನ್ನ ತಂದು ಮಲಗಿಸ್ಕೊಳ್ಳಿ.”

ಅದೂ ಆಟವೇ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ದೊಡ್ಡಗಂಗಮ್ಮ ಅವರಿಗೆ ಬೆನ್ನು ತಿರುಗಿಸಿದಳು. ಬೈದರೂ ಖುಷಿಪಡುವ ಜನಕ್ಕೆ ಇನ್ನೇನು ಹೇಳುವುದು.

ಮೌನಿಕಾ ಬಿಂದಿಗೆ ತುಂಬಿ ಸೊಂಟಕ್ಕೇರಿಸಿ, ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಗೋಪುರದ ಮೇಲೆ ಸಾಯಬೇಕಾಗಿದ್ದ ಮುನೇಶ್ ಎದ್ದು ಕೂತಿದ್ದ. ಶಿವಕುಮಾರ್ ಕಣ್ಣಲ್ಲೇ ಮಲಗು ಮಲಗು ಎಂದ. ಮುನೇಶ್ ಮಲಗಲಿಲ್ಲ, ಇಳಿದು ಬಂದು ಹೆಂಡತಿಯ ಪಕ್ಕ ನಡೆದ.

ಗೇಟಿಗೆ ಬರುವಷ್ಟರಲ್ಲಿ ಅಮರನಾಥ್ ಬೀಗ ಹಾಕಿಸಿದ್ದ. “ಆ ನೀರು ಇಲ್ಲೇ ಚೆಲ್ಲು. ಚೆಲ್ಲಿ ನಮ್ಮಪ್ಪನ ಕಾಲಿಗೆ ಬಿದ್ದು ಹೋಗಿ. ಅಲ್ಲೀವರ್ಗೂ ಇಲ್ಲೇ ಸಾಯಿರಿ, ಕಳ್ ನನ್ಮಕ್ಳಾ.”

“ಯಾರ್ಲಾ ಕಳ್ಳರು?” ಎಂದ ಮುನೇಶ್. ಜೀವಮಾನದಲ್ಲಿ ಆ ಮನೆಯವರಿಗೆ ಅವನು ಎದುರು ಮಾತಾಡಿದ್ದು ಅದೇ ಮೊದಲು. ಅಮರನಾಥ್ ಕಪಾಳಕ್ಕೆ ಬಾರಿಸಿದ. ಮುನೇಶ್ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ದೊಡ್ಡಗಂಗಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೇಟಿಗೆ ಅಡ್ಡ ಕೂತಳು. “ನಾವ್ ಹೋಗೋವರ್ಗೂ ಯಾವನೂ ಹೋಗಂಗಿಲ್ಲ. ಕಾರು ಹತ್ತಿಸ್ಕೊಂಡ್ ಹೋಗಿ, ನೋಡೋಣ.”

ಬೆಂಗಳೂರಿಗೆ ಹೊರಟ ಕಾರುಗಳು ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಗಾಜು ಇಳಿಸಿದವನೊಬ್ಬ, ಶೋ ಮುಗೀತಲ್ವಾ, ಇವರನ್ನ ಎಬ್ಬಿಸ್ರಿ ಎಂದು ಕೂಗಿದ. ಬೇಲಿಯಾಚೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಅವರ ಕೈಯಲ್ಲೂ ಕೊಡಗಳಿದ್ದವು.

“ನೀರು ಚೆಲ್ಲೇ,” ಎಂದು ಅಮರನಾಥ್ ಮೌನಿಕಾಳ ಮುಖದ ಹತ್ತಿರ ಬಂದು ಕಿರುಚಿದ.

ಅವಳ ಸೀರೆಯ ಮಡಿಕೆಯಲ್ಲಿ, ಹೊಟ್ಟೆಗೆ ಹೊಲಿಗೆ ಹಾಕಿದ ಕಡೆ, ಸಣ್ಣಗೆ ರಕ್ತ ಒಸರುತ್ತಿತ್ತು. ಅವಳು ಬಿಂದಿಗೆಯನ್ನು ಎಡಸೊಂಟದಿಂದ ಬಲಸೊಂಟಕ್ಕೆ ಬದಲಾಯಿಸಿದಳು. ಇಳಿಸಲಿಲ್ಲ.