ಮೂರನೆಯ ಹಾಳೆ

ಎರಡೂ ಫಿಲ್ಮ್ ಹಾಳೆ ಕಪ್ಪು. ಬಲ್ಬಿಗೆ ಒಡ್ಡಿ ನೋಡಿದ. ಬಲ್ಬೇ ಕಾಣಲಿಲ್ಲ.

ಬಚ್ಚಲುಮನೆಯ ಕಿಟಕಿಗೆ ಬಿಗಿದ ಕಂಬಳಿಯ ಆಚೆ ಭಾನುವಾರದ ಬಿಸಿಲು. ಅವನು ಹಾಳೆಗಳನ್ನು ಮತ್ತೆ ನೀರಿನಲ್ಲಿ ಅದ್ದಿ ತೆಗೆದ, ತೊಳೆದರೆ ತಿಳಿಯಾಗುತ್ತವೆ ಎಂಬಂತೆ. ಹದಿನೈದು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು ಹೀಗೆ ಮಾಡಬಾರದಿತ್ತು. ಹುಡುಗರು ಅವನಿಗೆ ಬ್ಯೂರೆಟ್ ಎಂದು ಹೆಸರಿಟ್ಟಿದ್ದರು. ಆ ಗಾಜಿನ ನಳಿಕೆಯಂತೆ ತೊಟ್ಟು ತೊಟ್ಟಾಗಿ ಮಾತಾಡುತ್ತಾನೆಂದು.

ಇಪ್ಪತ್ತು ನಿಮಿಷ ಎಂದಿದ್ದು ಚಿಕ್ಕಪ್ಪ.

ಅಪ್ಪನ ಸ್ಟುಡಿಯೋದಲ್ಲಿ ಕತ್ತಲೆಕೋಣೆಯ ಕೆಲಸವೆಲ್ಲ ಚಿಕ್ಕಪ್ಪನದೇ ಆಗಿತ್ತು. ಅಪ್ಪ ಸತ್ತ ಮೇಲೆ ಟ್ರಂಕಿನ ತಳದಲ್ಲಿ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಕರಿ ಕಾಗದದಲ್ಲಿ ಸುತ್ತಿದ ಮೂರು ಫಿಲ್ಮ್ ಹಾಳೆ. ಮೇಲೆ ಅಪ್ಪನ ಅಕ್ಷರ: ‘ಇವನ ಅಮ್ಮ. ತೊಳೆದಿಲ್ಲ.’

ಅಮ್ಮನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಊರಿನವರ ಮುಖವನ್ನೆಲ್ಲ ತೆಗೆದ ಅಪ್ಪ ಹೆಂಡತಿಯದನ್ನು ತೆಗೆಯಲಿಲ್ಲವೆಂದು ಅವನು ನಂಬಿದ್ದ. ಎಪ್ಪತ್ತೊಂದರಲ್ಲಿ, ಅವನಿಗೆ ಮೂರು ವರ್ಷವಾಗಿದ್ದಾಗ, ಜ್ವರ ಬಂದು ಹೋದಳಂತೆ. ಶಾಲೆಯ ಅರ್ಜಿಗಳಲ್ಲಿ ‘ತಾಯಿ ಇಲ್ಲ’ ಎಂದು ಅವನೇ ದುಂಡಗೆ ಬರೆಯುತ್ತಿದ್ದ.

ಫಿಲ್ಮು ತೊಳೆಯುವ ಡೆವಲಪರಿನಲ್ಲಿ ಎಷ್ಟು ಹೊತ್ತು ಇಡಬೇಕು? ಕಡಿಮೆಯಾದರೆ ಚಿತ್ರ ಏಳುವುದಿಲ್ಲ, ಹೆಚ್ಚಾದರೆ ಎಲ್ಲ ಕಪ್ಪು. ಆ ಫಿಲ್ಮಿನ ಹೆಸರು ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಒಂದು ಹಾಳೆಯ ಅಂಚು ಕತ್ತರಿಸಿ ಪರೀಕ್ಷೆ ಮಾಡೋಣವೆಂದಿದ್ದ.

“ಅಮ್ಮನ್ನ ಕತ್ತರಿಸ್ತೀಯೇನೋ?” ಎಂದಿದ್ದ ಚಿಕ್ಕಪ್ಪ. “ನಾನಿಲ್ವಾ? ಸಾವಿರಾರು ತೊಳೆದಿದೀನಿ. ಇಪ್ಪತ್ತು ನಿಮಿಷ. ಕಣ್ಮುಚ್ಚಿ ಹಾಕು.”

ಅವನು ಹಾಗೆಯೇ ಹಾಕಿದ್ದ, ಒಟ್ಟಿಗೇ ಎರಡು.

ಈಗ ಡಬ್ಬಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಲೆಕ್ಕಕ್ಕೆ ಕೂತ. ಹಳೆಯ ಫಿಲ್ಮಿಗೆ ಮೊದಲು ವಯಸ್ಸು ಗೊತ್ತಾಗಬೇಕು. ಡಬ್ಬಿಯ ಪಕ್ಕದ ಧೂಳು ಒರೆಸಿದ. ಸಣ್ಣ ಅಕ್ಷರದಲ್ಲಿ ಅವಧಿ ಮುಗಿಯುವ ವರ್ಷ: ಎಪ್ಪತ್ತೇಳು. ಇಂಥ ಫಿಲ್ಮು ತಯಾರಾದ ಎರಡು ವರ್ಷಕ್ಕೆ ಅವಧಿ ಮುಗಿಯುತ್ತದೆ. ಹೆಚ್ಚೆಂದರೆ ಮೂರು.

ಎರಡು ಕಳೆದ. ಮೂರು ಕಳೆದ. ಹೇಗೆ ಕಳೆದರೂ ಎಪ್ಪತ್ತೊಂದಕ್ಕೆ ಮುಟ್ಟಲಿಲ್ಲ.

ಚಿಕ್ಕಪ್ಪ ಪಡಸಾಲೆಯಲ್ಲಿ ಚಪ್ಪಲಿಗೆ ಪಾಲಿಶ್ ಹಚ್ಚುತ್ತಿದ್ದ. ಎಲ್ಲಿಗೂ ಹೋಗದ ಮನುಷ್ಯನಿಗೆ ಹೊಳೆಯುವ ಚಪ್ಪಲಿ ಬೇಕು.

“ಎರಡೂ ಕರಿ ಆದ್ವು.”

“ಹಳೇ ಮಾಲು. ನಾನು ಹೇಳ್ಲಿಲ್ವಾ?”

“ಹೇಳ್ಲಿಲ್ಲ. ಇಪ್ಪತ್ತು ನಿಮಿಷ ಅಂದ್ರಿ.”

“ಹೌದಾ?”

ಅವನು ಡಬ್ಬಿಯನ್ನು ಮುಂದೆ ಹಿಡಿದ. “ಅಮ್ಮ ಸತ್ತಾಗ ಈ ಫಿಲ್ಮು ಹುಟ್ಟೇ ಇರ್ಲಿಲ್ಲ.”

ಚಿಕ್ಕಪ್ಪ ಡಬ್ಬಿ ನೋಡಲಿಲ್ಲ. ಬ್ರಷ್ಷು ಎರಡು ಸಲ ಒಂದೇ ಜಾಗದಲ್ಲಿ ಓಡಾಡಿತು. “ಥೂ, ಅದನ್ನ ಹರಿದು ಹಾಕು ಅಂತ ಅಣ್ಣಂಗೆ ಎಷ್ಟು ಸಲ ಬಡ್ಕೊಂಡೆ.”

“ಎಲ್ಲಿದಾಳೆ?”

“ನಂಗೇನೋ ಗೊತ್ತು? ಸತ್ತಿರಬಹುದು ಈಗ.”

ಆ ‘ಈಗ’ ನೆಲದ ಮೇಲೆ ಬಿದ್ದುಕೊಂಡಿತು. ಇಬ್ಬರೂ ಎತ್ತಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ರೀ, ಬಚ್ಚಲು ಯಾವಾಗ ಬಿಟ್ಕೊಡ್ತೀರಿ? ಮಧ್ಯಾಹ್ನ ಆಯ್ತು, ನಾನಿನ್ನೂ ಸ್ನಾನ ಮಾಡಿಲ್ಲ.”

“ಇನ್ನೊಂದು ಇದೆ,” ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಈ ಸಲ ಯಾರನ್ನೂ ಕೇಳಲಿಲ್ಲ. ಕತ್ತಲಲ್ಲಿ ಮೂರನೆಯ ಹಾಳೆಯ ಒಂದು ಪಕ್ಕದಿಂದ ಎರಡು ಪಟ್ಟಿ ಕತ್ತರಿಸಿದ. ಕತ್ತರಿಯ ಸದ್ದು ಬಚ್ಚಲಿಗೆ ಜಾಸ್ತಿಯಾಯಿತು. ಎರಡನೆಯ ಪಟ್ಟಿಯನ್ನೂ ಉಳಿದ ಹಾಳೆಯನ್ನೂ ಡಬ್ಬಿಗೆ ಹಾಕಿ ಮುಚ್ಚಿದ. ಮೊದಲ ಪಟ್ಟಿ ಐದು ನಿಮಿಷ. ದ್ರಾವಣ ಕದಡುವಂತೆ ಎಡಗೈಯಿಂದ ತಟ್ಟೆ ತೂಗುವುದು ಕಷ್ಟ; ಆ ಕೈ ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಶಾಲೆಯ ಗೋಡೆ ಹಾರಿ ಮುರಿದುಕೊಂಡದ್ದು. ಕಟ್ಟು ಹಾಕಿಸಲು ಹೆಗಲ ಮೇಲೆ ಹೊತ್ತೊಯ್ದವನು ಚಿಕ್ಕಪ್ಪ. ಅಳು ನಿಲ್ಲಿಸಲು ಒಂದು ಸೀಟಿ ಕೊಡಿಸಿದ್ದ. ಸೀಟಿಯ ಬಣ್ಣ ಸಹ ನೆನಪಿದೆ.

ಐದು ನಿಮಿಷದ ಪಟ್ಟಿಯಲ್ಲಿ ಹೊಗೆಯಂಥದೇನೋ. ಎರಡನೆಯದಕ್ಕೆ ಏಳು ನಿಮಿಷ ಕೊಟ್ಟ. ಚಿತ್ರ ನಿಲ್ಲಿಸುವ ಹೈಪೋದಲ್ಲಿ ಅದ್ದಿ, ಕಾದು, ದೀಪ ಹಾಕಿದ.

ಚಿತ್ರ ಎದ್ದಿತ್ತು.

ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು: ಕಪ್ಪು ಮುಖ, ಮುದುಕನಂಥ ಬಿಳಿ ಕೂದಲು. ಆದರೆ ನಿಂತಿದ್ದವನು ಹುಡುಗ. ಮುಂದಿನ ಹಲ್ಲು ಬಿದ್ದಿತ್ತು. ಬಾಯಿ ತುಂಬ ನಗುತ್ತಿದ್ದ. ಎಡಗೈಗೆ ಕಟ್ಟು, ಕೊರಳಿಂದ ಇಳಿಬಿಟ್ಟ ಪಟ್ಟಿ.

ಅವನ ಹೆಗಲ ಮೇಲೆ ಒಂದು ಹೆಂಗಸಿನ ಕೈ. ಬಳೆಗಳವರೆಗೆ ಇತ್ತು. ಅಲ್ಲಿಗೆ ಕತ್ತರಿ ಹಾಯ್ದಿತ್ತು.

ಅವನು ಆ ಕೈಯನ್ನು ನೆನಪಿನಲ್ಲಿ ಹುಡುಕಿದ. ಸೀಟಿ ಸಿಕ್ಕಿತು, ಅದರ ಹಸಿರು ಸಿಕ್ಕಿತು. ಕೈ ಸಿಗಲಿಲ್ಲ. ಅಪ್ಪ ಮುಚ್ಚಿಟ್ಟ, ಚಿಕ್ಕಪ್ಪ ಇಪ್ಪತ್ತು ನಿಮಿಷ ಹೇಳಿ ಸುಟ್ಟ, ಸರಿ. ಈ ಹಲ್ಲುಬಿಟ್ಟ ಹುಡುಗ ಏನು ಮಾಡಿದ? ಪಕ್ಕದಲ್ಲೇ ನಿಂತು ನಗುತ್ತಿದ್ದ. ಮಾರನೆಯ ವರ್ಷ ಅರ್ಜಿಯಲ್ಲಿ ‘ತಾಯಿ ಇಲ್ಲ’ ಎಂದು ದುಂಡಗೆ ಬರೆದ.

ದೀಪ ಆರಿಸಿದ. ಡಬ್ಬಿಯಲ್ಲಿ ಉಳಿದಿದ್ದ ಹಾಳೆ, ಮುಖವಿರುವ ಭಾಗ, ತಟ್ಟೆಗೆ ಇಳಿಯಿತು. ಗೂಡಿನಲ್ಲಿದ್ದ ಗಡಿಯಾರದ ರೇಡಿಯಂ ಮುಳ್ಳು ಹಸಿರಾಗಿ ಹೊರಟಿತು.

ನಾಲ್ಕನೆಯ ನಿಮಿಷಕ್ಕೆ ಬಾಗಿಲ ಹೊರಗೆ ಚಪ್ಪಲಿ ನಿಂತ ಸದ್ದು.

“ಎಷ್ಟು ಇಟ್ಟೆ?” ಚಿಕ್ಕಪ್ಪ.

ಅವನು ಮುಳ್ಳನ್ನೇ ನೋಡಿದ.

“ಏಳು ಸಾಕು ಕಣೋ. ಏಳಕ್ಕೆ ತೆಗೆದುಬಿಡು. ನೋಡ್ಕೊಂಡ್ಬಿಡು, ಆಗಿದ್ದಾಗ್ಲಿ.”

ತಟ್ಟೆ ತೂಗುತ್ತಿದ್ದ ಕೈ ಒಮ್ಮೆ ನಿಂತು ಮತ್ತೆ ತೂಗಿತು. ಏಳು. ಅವನೇ ಪಟ್ಟಿ ಕತ್ತರಿಸಿ ಕಂಡುಹಿಡಿದದ್ದು. ಕಣ್ಣಾರೆ ನೋಡಿದ್ದು. ಈಗ ಅದು, ಇಪ್ಪತ್ತು ಎಂದಿದ್ದ ಆ ಬಾಯಿಂದಲೇ ಬಂದಿತ್ತು.

“ಕೇಳಿಸ್ತೇನೋ? ಏಳೇ ಸರಿ. ಆಣೆ ಮಾಡ್ತೀನಿ.”

ಮುಳ್ಳು ಏಳನ್ನು ಮುಟ್ಟಿತು. ಬೆರಳುಗಳು ದ್ರಾವಣದಲ್ಲಿ ಹಾಳೆಯ ಅಂಚು ಹಿಡಿದಿದ್ದವು, ಎತ್ತಲಿಲ್ಲ. ನೆಟ್ಟಗಾಗದ ಕೈ ತೊಟ್ಟಿಲು ತೂಗುವ ಹದದಲ್ಲಿ ತಟ್ಟೆಯನ್ನು ತೂಗುತ್ತಲೇ ಇತ್ತು.

ಎಂಟು. ಒಂಬತ್ತು.

ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು.